ಹೆಸರು ಹೇಳಲಿಚ್ಛಿಸದ ಒಬ್ಬ ಸಹೋದರ

ನನ್ನ ಹೊಟ್ಟೆಯ ಎಡಭಾಗದಲ್ಲಿ, ಹೊಕ್ಕುಳಿಂದ ನಾಲ್ಕು ಬೆರಳು ದೂರದಲ್ಲಿ, ಒಂದು ಚೀಲ ಅಂಟಿಕೊಂಡಿದೆ. ಇದನ್ನು ಬರೆಯುವಾಗಲೂ ಇದೆ, ನಾನು ಇರುವಷ್ಟು ದಿನವೂ ಇರುತ್ತದೆ. ಕೆಳಗಿನ ಕರುಳನ್ನು ಗೆಡ್ಡೆಯ ಸಮೇತ ತೆಗೆದುಹಾಕಿ, ಉಳಿದ ಕರುಳಿನ ಬಾಯನ್ನು ಹೊಟ್ಟೆಯ ಮೇಲೆ ತೆರೆದಿಟ್ಟಿದ್ದಾರೆ. ಎಲ್ಲರೂ ಬಾಗಿಲು ಹಾಕಿಕೊಂಡು ಮಾಡುವ ಕೆಲಸವನ್ನು ನನ್ನ ದೇಹ ಬಸ್ಸಿನಲ್ಲಿ, ಮೀಟಿಂಗಿನಲ್ಲಿ, ಪ್ರಾರ್ಥನೆಯ ನಡುವೆ, ತನಗೆ ಮನಸ್ಸು ಬಂದಾಗ ಮಾಡುತ್ತದೆ. ಓದುವವರಿಗೆ ಮುಜುಗರವಾದರೆ ಇಲ್ಲಿಗೇ ನಿಲ್ಲಿಸಬಹುದು. ಆದರೆ ಯಾರೋ ಒಬ್ಬರು ಇಂಥದ್ದೇ ಚೀಲವನ್ನು ಅಂಗಿಯೊಳಗೆ ಮುಚ್ಚಿಕೊಂಡು, ಯಾರಿಗೂ ಹೇಳದೆ ಕೂತಿದ್ದರೆ, ಅವರಿಗಾಗಿ ಬರೆಯುತ್ತಿದ್ದೇನೆ.

ನಾನು ಉಡುಪಿ ಕಡೆಯವನು. ಕುವೈತಿನ ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್. ಗೇಜುಗಳು ಒತ್ತಡವನ್ನು ಸರಿಯಾಗಿ ತೋರಿಸುತ್ತಿವೆಯೇ ಎಂದು ನೋಡುವುದು ನನ್ನ ಕೆಲಸ. ಹೆಂಡತಿ ವಸಂತಿ ಮಗಳ ಕಾಲೇಜಿಗಾಗಿ ಮೂರು ವರ್ಷದ ಹಿಂದೆ ಊರಿಗೆ ಹೋಗಿ ಅಲ್ಲೇ ಶಾಲೆಯೊಂದರಲ್ಲಿ ಟೀಚರಾದಳು. ಅಂದಿನಿಂದ ವಿಮಾನ ನಿಲ್ದಾಣದ ಪಕ್ಕದ ಫರ್ವಾನಿಯಾದಲ್ಲಿ ಒಂದು ಕೋಣೆಯ ಫ್ಲ್ಯಾಟಿನಲ್ಲಿ ಒಬ್ಬನೇ ಇದ್ದೇನೆ. ಸೀಲಿಂಗಿನ ಹತ್ತಿರವೇ ವಿಮಾನ ಹೋದಂತಾಗುತ್ತದೆ, ಮೊದಮೊದಲು ಪ್ರತಿಯೊಂದೂ ಮಂಗಳೂರಿಗೇ ಹೊರಟಿದೆ ಅನ್ನಿಸುತ್ತಿತ್ತು.

ಇಲ್ಲಿ ನಮ್ಮ ಕನ್ನಡ ಸಭೆಯ ಭಾನುವಾರ ಶುಕ್ರವಾರವೇ ಬರುತ್ತದೆ, ರಜೆ ಆವತ್ತು ತಾನೆ. ಚರ್ಚ್ ಆವರಣದ ಒಂದು ಹಾಲ್ ಹತ್ತೂವರೆಯಿಂದ ಹನ್ನೆರಡರವರೆಗೆ ನಮ್ಮದು. ಹನ್ನೆರಡಕ್ಕೆ ಐದು ನಿಮಿಷ ಇರುವಾಗಲೇ ಫಿಲಿಪಿನೋ ಸಭೆಯವರು ಗಿಟಾರ್ ಹಿಡಿದು ಬಾಗಿಲಲ್ಲಿ ನಿಂತಿರುತ್ತಾರೆ. ಈ ಸಭೆಯಲ್ಲಿ ಹದಿನೆಂಟು ವರ್ಷ ರೋಗಿಗಳ ಭೇಟಿಯ ಜವಾಬ್ದಾರಿ ನನ್ನದು. ಯಾರು ಆಸ್ಪತ್ರೆಯಲ್ಲಿದ್ದಾರೆಂದು ತಿಳಿದು ಹೋಗುವುದು, ವಾಕ್ಯ ಓದಿ ಪ್ರಾರ್ಥಿಸುವುದು, ಶುಕ್ರವಾರ ಅವರ ಹೆಸರು ಬರೆದ ಪ್ರಾರ್ಥನಾ ಚೀಟಿಯನ್ನು ಮೈಕಿನಲ್ಲಿ ಓದುವುದು. ನನಗೆ ಹಾಡಲು ಸ್ವರವಿಲ್ಲ, ಪ್ರಸಂಗ ಮಾಡಲು ನಾಲಿಗೆ ಏಳುವುದಿಲ್ಲ. ಹೇಳಿದ ಸಮಯಕ್ಕೆ ಹೋಗಿ ಬರಲು ಮಾತ್ರ ಗೊತ್ತಿತ್ತು. ದೇವರಿಗೂ ಸಮಾಜಕ್ಕೂ ಕ್ರೈಸ್ತನಾದವನು ಸಲ್ಲಿಸಬೇಕಾದ ಕರ್ತವ್ಯ ಎಂದು ಚಿಕ್ಕಂದಿನಲ್ಲಿ ನಮ್ಮ ಉಪದೇಶಿಗಳು ಬಾಯಿಪಾಠ ಮಾಡಿಸಿದ್ದನ್ನು ನಾನು ಒಂದು ನೋಟ್‌ಬುಕ್ ಇಟ್ಟು ಪಾಲಿಸಿದೆ. ಹೆಸರು, ಕಾಯಿಲೆ, ವಾರ್ಡ್, ಎಷ್ಟು ನಿಮಿಷ ಇದ್ದೆ, ಕೊನೆಯಲ್ಲಿ ಒಂದು ಟಿಕ್. ಅಂಥ ನೋಟ್‌ಬುಕ್‌ಗಳು ಆರು ಆದವು, ಅವುಗಳ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ರಕ್ತ ಕಂಡಾಗ ಮೂಲವ್ಯಾಧಿ ಅಂದುಕೊಂಡು ಐದು ತಿಂಗಳು ಸುಮ್ಮನಿದ್ದೆ. ಬೇರೆಯವರ ಗೇಜು ನೋಡುವವನಿಗೆ ತನ್ನದು ಕಾಣಲಿಲ್ಲ. ಹೊಟ್ಟೆ ಉಬ್ಬಿ ಕೆಲಸದ ಜಾಗದಲ್ಲೇ ಕುಸಿದಾಗ ಆಸ್ಪತ್ರೆಗೆ ಸೇರಿಸಿದವನು ಬಂಟ್ವಾಳದ ಹನೀಫ್, ನಮ್ಮ ಸ್ಟೋರಿನಲ್ಲಿ ಕೆಲಸ ಮಾಡುವ ಬ್ಯಾರಿ ಗೆಳೆಯ. ಸ್ಕ್ಯಾನ್ ಆಯಿತು, ತುಂಡು ತೆಗೆದು ಪರೀಕ್ಷೆಗೆ ಕಳಿಸಿದ್ದಾಯಿತು. ಫಲಿತಾಂಶದ ದಿನ ಕಾಯುವ ಕೋಣೆಯಲ್ಲಿ ನನ್ನ ಟೋಕನ್ ಎಪ್ಪತ್ತೊಂದು, ಬೋರ್ಡಿನಲ್ಲಿ ಮೂವತ್ತೆಂಟು. ಎದುರಿಗಿದ್ದ ಈಜಿಪ್ಟಿನ ಮುದುಕರೊಬ್ಬರು ಪ್ರತಿ ಸಲ ನಂಬರು ಬದಲಾದಾಗಲೂ ನನ್ನ ಚೀಟಿಯನ್ನು ಇಣುಕಿ ನೋಡಿ, ಇನ್ನೂ ಇದೆ ಎಂಬಂತೆ ಕೈ ಆಡಿಸುತ್ತಿದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಅವರ ನಂಬರು ಬಂದಾಗ ಎದ್ದುಹೋಗಿ, ಮತ್ತೆ ತಿರುಗಿ ಬಂದು ಉಳಿದ ಅರ್ಧ ಬಾಟಲಿ ನೀರನ್ನು ನನ್ನ ಕೈಯಲ್ಲಿಟ್ಟು ಹೋದರು. ಆ ದಿನ ಕೆಟ್ಟ ಸುದ್ದಿ ಕೇಳಿದ್ದಕ್ಕಿಂತ ಆ ನೀರೇ ನನಗೆ ಹೆಚ್ಚು ನೆನಪಿದೆ.

ಡಾಕ್ಟರು ತಡ ಮಾಡುವಂತಿಲ್ಲ, ಈ ವಾರವೇ ಕತ್ತರಿಸಬೇಕು, ಚೀಲ ಶಾಶ್ವತ, ಆಮೇಲೆ ಕಿಮೋ ಎಂದರು. ಒಳಗೆ ನನ್ನ ಜೊತೆಗಿದ್ದ ಹನೀಫ್ ಹೊರಗೆ ಬಂದು ಕೇಳಿದ ಮೊದಲ ಪ್ರಶ್ನೆ, "ನಿಮ್ಮ ಚರ್ಚಿನವ್ರಿಗೆ ಫೋನ್ ಮಾಡ್ಲಾ ಮಾರಾಯ್ರೆ?" ಬೇಡ ಎಂದೆ. ನನಗೇ ಆಶ್ಚರ್ಯವಾಗುವಷ್ಟು ಜೋರಾಗಿ ಹೇಳಿದೆ.

ಕಾರಣ ಈಗ ಹೇಳಬಲ್ಲೆ. ಭೇಟಿ ಹೇಗಿರುತ್ತದೆಂದು ನನಗಿಂತ ಚೆನ್ನಾಗಿ ಬಲ್ಲವರು ಕುವೈತಿನಲ್ಲಿ ಇರಲಿಲ್ಲ. ಎಂಟು ಜನ ಒಟ್ಟಿಗೆ ಬರುತ್ತಾರೆ, ಮಂಚದ ಸುತ್ತ ನಿಲ್ಲುತ್ತಾರೆ, ಒಬ್ಬರು ತಮ್ಮ ಭಾವನಿಗೂ ಇದೇ ಆಗಿತ್ತು ಎನ್ನುತ್ತಾರೆ, ಇನ್ನೊಬ್ಬರು ದೇವರು ಶೋಧಿಸುತ್ತಿದ್ದಾನೆ ಎನ್ನುತ್ತಾರೆ. ಅಂಥ ಮಾತು ನಾನೇ ಎಷ್ಟು ಸಲ ಆಡಿಲ್ಲ. ಅದನ್ನು ಮಲಗಿಕೊಂಡು ಕೇಳುವ ಧೈರ್ಯ ನನಗಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ನಾನು ಭೇಟಿ ಕೊಡುವವನು, ಭೇಟಿ ಪಡೆಯುವವನಲ್ಲ. ಶುದ್ಧ ಸೊಕ್ಕು, ಬೇರೇನೂ ಅಲ್ಲ.

ವಸಂತಿಗೆ ಫೋನಿನಲ್ಲಿ ಹೇಳಿದೆ. ಆಗ ಕುಟುಂಬದವರಿಗೆ ವಿಸಿಟ್ ವೀಸಾ ಸಿಗುವುದು ಕಷ್ಟವಿತ್ತು, ಬರಲಾಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಕೊನೆಗೆ, "ನಮ್ಮ ಶುಕ್ರವಾರಗಳನ್ನೆಲ್ಲ ಆ ಸಭೆಗೆ ಕೊಟ್ರಿ. ಈಗ ಅವ್ರು ನೋಡಿಕೊಳ್ಳಲಿ" ಎಂದಳು. ಕೋಪದಲ್ಲಿ ಹೇಳಿದ್ದಲ್ಲ, ಹೆದರಿಕೆಯಲ್ಲಿ ಹೇಳಿದ್ದು. ನೋಡಿಕೊಳ್ಳುತ್ತಿದ್ದಾರೆ, ಸರದಿಯ ಮೇಲೆ ಬರುತ್ತಾರೆ ಎಂದು ಸುಳ್ಳು ಹೇಳಿದೆ. ಮಗಳು ಫೋನ್ ಕಿತ್ತುಕೊಂಡು ಇಂಗ್ಲಿಷಿನಲ್ಲಿ ನೂರು ಪ್ರಶ್ನೆ ಕೇಳಿದಳು, ನಾನು ಕನ್ನಡದಲ್ಲಿ ಹತ್ತಕ್ಕೆ ಉತ್ತರಿಸಿದೆ.

ಸಭೆಗೆ ಬೇರೆ ಸುಳ್ಳು. ರಿಫೈನರಿಯಲ್ಲಿ ಶಟ್‌ಡೌನ್ ಕೆಲಸ, ಆರು ವಾರ ಶುಕ್ರವಾರವೂ ಡ್ಯೂಟಿ ಎಂದು ಸೆಕ್ರೆಟರಿ ಪ್ರಭಾಕರರಿಗೆ ತಿಳಿಸಿದೆ. ಪ್ರಾರ್ಥನಾ ಚೀಟಿಯನ್ನು ಮಾತ್ರ ತಪ್ಪಿಸಲಿಲ್ಲ, ವಾರ್ಡಿನ ಮಂಚದಿಂದಲೇ ಫೋನಿನಲ್ಲಿ ಬರೆದು ಕಳಿಸಿದೆ. ಐದು ಹೆಸರು ಬರೆದ ಮೇಲೆ ಬೆರಳು ನಿಂತಿತು. ಪ್ರಾರ್ಥನೆ ಬೇಡವೆನ್ನುವಷ್ಟು ಧೈರ್ಯವೂ ನನಗಿರಲಿಲ್ಲ. ಆರನೆಯದಾಗಿ "ಶಸ್ತ್ರಚಿಕಿತ್ಸೆಯಾಗಲಿರುವ, ಹೆಸರು ಹೇಳಲಿಚ್ಛಿಸದ ಒಬ್ಬ ಸಹೋದರ" ಎಂದು ಸೇರಿಸಿದೆ.

ಆಪರೇಷನ್ ಬಗ್ಗೆ ಹೇಳುವುದೇನಿಲ್ಲ, ನಾನು ಅಲ್ಲಿರಲಿಲ್ಲ. ಎಚ್ಚರವಾದ ಮೇಲೆ ಕಲಿತದ್ದು ಒಂದೇ, ಮಲಗಿ ನೋಡಿದರೆ ನಿಂತವರು ತುಂಬಾ ಎತ್ತರ ಕಾಣುತ್ತಾರೆ. ನಾನು ಯಾವತ್ತೂ ನಿಂತೇ ಪ್ರಾರ್ಥಿಸುತ್ತಿದ್ದೆ, ಕುಳಿತರೆ ಹೊರಡುವುದು ತಡವಾಗುತ್ತದೆಂದು. ಚೀಲ ಬದಲಿಸಲು ಕಲಿಸಿದ್ದು ಕೊಟ್ಟಾಯಂ ಕಡೆಯ ನರ್ಸ್. ಮೊದಲ ಸಲ ನಾನು ಕಣ್ಣು ಮುಚ್ಚಿಕೊಂಡೆ. ಆಕೆ ಗದರಲಿಲ್ಲ, ನನ್ನ ಬೆರಳು ಹಿಡಿದು ಆ ಕೆಂಪು ಬಾಯಿಯ ಪಕ್ಕದಲ್ಲಿಟ್ಟು, ನೋವಿಲ್ಲ ತಾನೆ ಎಂದು ಹಿಂದಿಯಲ್ಲಿ ಕೇಳಿದಳು. ನೋವಿರಲಿಲ್ಲ. ಬೆಚ್ಚಗಿತ್ತು. ಅಳು ಬಂತು, ಅತ್ತುಬಿಟ್ಟೆ. ಆಕೆ ಟಿಶ್ಯೂ ಕೊಟ್ಟು, ಕಾಳು, ಎಲೆಕೋಸು, ಹಸಿ ಈರುಳ್ಳಿ ಬೇಡ, ಗಂಜಿ, ಬಾಳೆಹಣ್ಣು, ಮೊಸರು ಸಾಕು ಎಂದು ಪಟ್ಟಿ ಬರೆದಳು.

ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದೆ. ಸಂಜೆ ಭೇಟಿಯ ಹೊತ್ತಿನಲ್ಲಿ ಉಳಿದ ಮಂಚಗಳ ಸುತ್ತ ಜನ, ನನ್ನ ಸುತ್ತ ಪರದೆ. ಹನೀಫ್ ಕೆಲಸ ಮುಗಿಸಿ ಆಗಾಗ ಬಂದು ಅರ್ಧ ಗಂಟೆ ಫೋನ್ ನೋಡುತ್ತಾ ಕೂರುತ್ತಿದ್ದ. ಅವನು ಎದ್ದು ಹೊರಟಾಗ ಕುರ್ಚಿ ಖಾಲಿಯಾಗುವುದನ್ನು ನೋಡಲಾಗದೆ ಮಗ್ಗುಲು ಬದಲಿಸುತ್ತಿದ್ದೆ.

ಆರು ವಾರದ ನಂತರ ಸಭೆಗೆ ಹೋದೆ. ಬಿಸಿಲಲ್ಲಿ ದುಡಿದು ಸೊರಗಿದ್ದೀರಿ ಎಂದರು, ಹೌದೆಂದೆ. ಹದಿನೆಂಟು ವರ್ಷ ಕೂತ ಮೊದಲ ಬೆಂಚು ಬಿಟ್ಟು ಕೊನೆಯ ಬೆಂಚಿಗೆ ಹೋದೆ, ಅಲ್ಲಿ ಎಸಿ ಜೋರಾಗಿ ಸದ್ದು ಮಾಡುತ್ತದೆ. ಮೌನ ಪ್ರಾರ್ಥನೆ ಶುರುವಾದ ಕೂಡಲೇ ನನ್ನ ಹೊಟ್ಟೆ ಗುರುಗುಟ್ಟಿತು. ಎಡಗೈಯಿಂದ ಒತ್ತಿ ಹಿಡಿದೆ. ಮುಂದಿನ ಸಾಲಿನವರೊಬ್ಬರು ತಿರುಗಿ ನೋಡಿದರು. ದೇವರೇ, ಬೇಗ ಆಮೆನ್ ಹೇಳಿಸು ಎಂದಷ್ಟೇ ಆವತ್ತು ಪ್ರಾರ್ಥಿಸಿದ್ದು.

ಆರಾಧನೆ ಮುಗಿದ ಮೇಲೆ ಪ್ರಭಾಕರ ನನ್ನನ್ನು ತಡೆದರು. ಬ್ಯಾಂಕಿನಲ್ಲಿ ದೊಡ್ಡ ಹುದ್ದೆ, ಯಾವ ಕೆಲಸವನ್ನೂ ಅರ್ಧಕ್ಕೆ ಬಿಡದ ಮನುಷ್ಯ. ಈ ಹೆಸರಿಲ್ಲದ ಸಹೋದರ ಯಾರು, ಸಭೆ ಅವರನ್ನು ಕೈಬಿಡಬಾರದು ಎಂದರು. ಹೆಸರು ಹೇಳಬಾರದೆಂದು ಕೇಳಿಕೊಂಡಿದ್ದಾರೆ ಎಂದೆ. ಹಾಗಾದರೆ ನೀವೇ ಸಭೆಯ ಪರವಾಗಿ ಹೋಗಿ ನೋಡಿ ವರದಿ ಕೊಡಿ ಎಂದು ಕಮಿಟಿಯಲ್ಲಿ ತೀರ್ಮಾನವೇ ಆಯಿತು. ನನ್ನನ್ನು ಭೇಟಿ ಮಾಡಲು ನನ್ನನ್ನೇ ನೇಮಿಸಿದರು. ಮುಂದಿನ ಶುಕ್ರವಾರ ಎದ್ದು ನಿಂತು, ಆ ಸಹೋದರನನ್ನು ಭೇಟಿ ಮಾಡಿದೆ, ಸುಧಾರಿಸುತ್ತಿದ್ದಾರೆ, ಸಭೆಗೆ ವಂದನೆ ತಿಳಿಸಿದ್ದಾರೆ ಎಂದು ಓದಿದೆ. ಎಲ್ಲರೂ ಆಮೆನ್ ಎಂದರು.

ನಗು ಬರುತ್ತದೆ, ಅಲ್ಲವೇ? ನನಗೂ ಫ್ಲ್ಯಾಟಿಗೆ ಬಂದು ನಗು ಬಂತು. ನಗಲು ಜೊತೆಗೆ ಯಾರೂ ಇರಲಿಲ್ಲ, ಬೇಗ ನಿಂತಿತು.

ಆ ವರದಿ ಓದಿದ ದಿನವೇ, ಫ್ಲ್ಯಾಟಿಗೆ ಹೊರಡುವ ಮೊದಲು, ಸುಗುಣಕ್ಕ ನನ್ನ ಹತ್ತಿರ ಬಂದದ್ದು. ಅರವತ್ತರ ಹತ್ತಿರದ ಹೆಂಗಸು, ಕಾರ್ಕಳದ ಕಡೆಯವರು, ಸಾಲ್ಮಿಯಾದ ಒಂದು ಕುವೈತಿ ಮನೆಯಲ್ಲಿ ಮುದಿ ತಾಯಿಯನ್ನು ನೋಡಿಕೊಳ್ಳುವ ಕೆಲಸ. ಶುಕ್ರವಾರ ನಾಲ್ಕು ಗಂಟೆ ಮಾತ್ರ ಬಿಡುವು, ಹನ್ನೆರಡಕ್ಕೆ ಗೇಟಿನಲ್ಲಿ ಆ ಮನೆಯ ಡ್ರೈವರ್ ಕಾಯುತ್ತಿರುತ್ತಾನೆ. ಹೆಂಗಸರ ಕಡೆಯ ಕೊನೆಯ ಬೆಂಚು ಅವರದು. ಮೂರು ಅಂತಸ್ತಿನ ಸ್ಟೀಲ್ ಡಬ್ಬವೊಂದನ್ನು ನನ್ನ ಕೈಗೆ ಕೊಟ್ಟು, "ಇದು ಆ ಸಹೋದರನಿಗೆ. ಮುಟ್ಟಿಸ್ತೀರಲ್ಲ?" ಎಂದರು.

ಮನೆಗೆ ಬಂದು ತೆರೆದೆ. ಕುಚ್ಚಲಕ್ಕಿ ಗಂಜಿ, ತೆಳು ತೊವ್ವೆ, ಎರಡು ಬಾಳೆಹಣ್ಣು. ಆಸ್ಪತ್ರೆ ಬಿಟ್ಟ ಮೇಲೆ ಮೊದಲ ಬಾರಿಗೆ ನನ್ನ ಕೈಯದ್ದಲ್ಲದ ಊಟ. ಬೇರೆಯವರ ಊಟ ಕದ್ದವನಂತೆ ನಾಚಿಕೆಯಿಂದ ಉಂಡೆ, ಆದರೆ ಕೊನೆಯ ತುತ್ತಿನವರೆಗೂ ಉಂಡೆ. ಮುಂದಿನ ಶುಕ್ರವಾರ ತೊಳೆದ ಡಬ್ಬವನ್ನು ಬರಿದಾಗಿ ಕೊಡಬಾರದೆಂದು ನಾಲ್ಕು ಖರ್ಜೂರ ಹಾಕಿ ಹಿಂತಿರುಗಿಸಿದೆ. ಉಪ್ಪು ಸರಿ ಇತ್ತಂತಾ ಎಂದು ಕೇಳಿದರು. ಸ್ವಲ್ಪ ಕಡಿಮೆಯಾಯಿತಂತೆ ಎಂದೆ. ಸರಿ ಎಂದು ಹೊಸ ಡಬ್ಬ ಕೊಟ್ಟರು, ಅದರಲ್ಲಿ ಉಪ್ಪು ಸರಿಯಿತ್ತು.

ಹೀಗೆ ಕಿಮೋದ ಎಲ್ಲ ತಿಂಗಳೂ ನಡೆಯಿತು. ಬೇರೆ ಯಾರಿಗೂ ಹೇಳಲಾಗದ್ದನ್ನು ಆ ಸಹೋದರನ ಹೆಸರಿನಲ್ಲಿ ನಾನು ಗೇಟಿನ ಬಳಿ ಐದು ನಿಮಿಷದಲ್ಲಿ ಹೇಳಿಬಿಡುತ್ತಿದ್ದೆ. ಅವನಿಗೆ ಬಾಯಿ ಕಹಿಯಂತೆ, ಬೆರಳ ತುದಿ ಜುಮ್ಮೆನ್ನುತ್ತದಂತೆ. ಒಮ್ಮೆ, ಅವನಿಗೆ ಹೆದರಿಕೆಯಾಗುತ್ತದಂತೆ ಎಂದೆ. ಸುಗುಣಕ್ಕ ಸೆರಗು ಸರಿಮಾಡಿಕೊಂಡು, "ಹೇಳಿದ್ರಲ್ಲ, ಒಳ್ಳೇದಾಯ್ತು. ಹೇಳದೆ ಇದ್ರೆ ಅದು ಒಳಗೇ ಬೆಳೀತದೆ" ಎಂದರು. ಡಬ್ಬದಲ್ಲಿ ಯಾವತ್ತೂ ಕಾಳು ಬರಲಿಲ್ಲ, ಎಲೆಕೋಸು ಬರಲಿಲ್ಲ, ಈರುಳ್ಳಿ ಬರಲಿಲ್ಲ. ಕಾಯಿಲೆಯವರಿಗೆಂದು ಸಪ್ಪೆ ಅಡುಗೆ ಮಾಡುತ್ತಾರೆ ಅಂದುಕೊಂಡೆನೇ ಹೊರತು ಬೇರೇನೂ ಹೊಳೆಯಲಿಲ್ಲ.

ಬೇಸಿಗೆ ಏರಿದಂತೆ ಬೆವರಿಗೆ ಚೀಲದ ಅಂಟು ನಿಲ್ಲದಾಯಿತು. ಸುತ್ತಲಿನ ಚರ್ಮ ಸುಲಿದು ಹಸಿಗಾಯ. ಒಂದು ಬೆಳಿಗ್ಗೆ ಕಂಪನಿಯ ಬಸ್ಸಿನಲ್ಲಿ ಚೀಲ ಕಿತ್ತುಕೊಂಡಿತು. ಪಕ್ಕದ ಸೀಟಿನವನು ಮೂಗು ಮುಚ್ಚಿ ಎದ್ದುಹೋದ. ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಮುಕ್ಕಾಲು ಗಂಟೆ ಅಲುಗಾಡದೆ ಕೂತೆ. ಆ ಮುಕ್ಕಾಲು ಗಂಟೆಯಲ್ಲಿ ನನಗೆ ಬದುಕು ಬೇಡವಾಗಿತ್ತು, ಇದನ್ನು ಇದ್ದಂತೆ ಬರೆಯುತ್ತಿದ್ದೇನೆ. ಇದನ್ನು ಯಾರಿಗೂ ಹೇಳಲಿಲ್ಲ, ಆ ಸಹೋದರನ ಹೆಸರಿನಲ್ಲೂ ಹೇಳಲಿಲ್ಲ.

ಆ ಶುಕ್ರವಾರ ಡಬ್ಬದ ಮೂರನೆಯ ಅಂತಸ್ತಿನಲ್ಲಿ ಊಟವಿರಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಪುಡಿಯ ಡಬ್ಬಿ, ಮೇಣದಂಥ ಐದಾರು ಬಳೆಗಳು. ಹಸಿ ಚರ್ಮಕ್ಕೆ ಹಚ್ಚುವ ಪುಡಿ, ಚೀಲ ಸೋರದಂತೆ ಸುತ್ತ ಅಂಟಿಸುವ ಬಳೆ. ಹೊಟ್ಟೆಯ ಆಪರೇಷನ್ ಎಂದಷ್ಟೇ ಹೇಳಿದ್ದೆ, ಚೀಲ ಎಂಬ ಪದ ನನ್ನ ಬಾಯಿಂದ ಬಂದಿರಲೇ ಇಲ್ಲ. ನಾಲ್ಕು ತಿಂಗಳಿಂದ ಆಕೆಗೆ ಎಲ್ಲವೂ ಗೊತ್ತಿತ್ತು.

ಮುಂದಿನ ವಾರ ಆರಾಧನೆಗೆ ಮೊದಲೇ ಗೇಟಿನಲ್ಲಿ ಕಾದೆ. ಡಬ್ಬ ಕೊಟ್ಟು, "ಸುಗುಣಕ್ಕ, ಆ ಸಹೋದರ ನಾನೇ" ಎಂದೆ.

"ಗೊತ್ತುಂಟು" ಎಂದರು. ತಾವು ನೋಡಿಕೊಳ್ಳುವ ಮುದುಕಿಗೂ ಏಳು ವರ್ಷದಿಂದ ಅದೇ ಚೀಲ ಇದೆಯಂತೆ. ಮೊದಲ ದಿನ ಮೌನ ಪ್ರಾರ್ಥನೆಯಲ್ಲಿ ಸದ್ದು ಕೇಳಿತು, ನೋಡಿದರೆ ನನ್ನ ಎಡಗೈ ಹೊಟ್ಟೆಯ ಮೇಲೆ, ಆ ಮುದುಕಿ ಇಡುವ ಜಾಗದಲ್ಲೇ. ಸೆಕೆ ಏರಿದರೆ ಆ ಮುದುಕಿಯ ಚರ್ಮವೂ ಸುಲಿಯುತ್ತದೆ, ಅದಕ್ಕೇ ಪುಡಿಯನ್ನೂ ಬಳೆಯನ್ನೂ ಆ ಮನೆಯ ಮಗಳನ್ನು ಕೇಳಿಯೇ ತಂದದ್ದು ಎಂದೂ ಸೇರಿಸಿದರು. ಹಾಗಾದರೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಸ್ವಲ್ಪ ಗದರಿದಂತೆಯೇ ಕೇಳಿದೆನೇನೋ.

ಸುಗುಣಕ್ಕ ಡಬ್ಬದ ಹಿಡಿಯನ್ನು ಎರಡು ಸಲ ಮಡಚಿ ಬಿಡಿಸಿದರು. "ನಾಲ್ಕು ವರ್ಷದ ಹಿಂದೆ ನನ್ನ ಗರ್ಭಕೋಶ ತೆಗೆದ್ರಲ್ಲ, ನೀವು ನೋಡ್ಲಿಕ್ಕೆ ಬಂದಿದ್ರಿ. ಯಾರಿಗೂ ಹೇಳ್ಬೇಡಿ ಅಂತ ನಾನು ಹೇಳಿದ್ದೆ. ನೀವು ಶುಕ್ರವಾರ ಮೈಕಿನಲ್ಲಿ ಓದಿದ್ರಿ. ಹೆಸರು, ಕಾಯಿಲೆ, ವಾರ್ಡ್ ನಂಬರ್, ಎಲ್ಲ. ಗಂಡಸರೆಲ್ಲ ಕೇಳ್ತಾ ಇದ್ರು." ಸ್ವಲ್ಪ ತಡೆದು, "ನನಗೆ ಹೇಗಾಯ್ತೂಂತ ನನಗೆ ಗೊತ್ತು. ನಿಮಗೆ ಹಾಗಾಗೋದು ಬೇಡ ಅಂತ" ಎಂದರು.

ಆರಾಧನೆಯಲ್ಲಿ ಏನು ಹಾಡಿದರೋ ಏನು ಓದಿದರೋ ನನಗೆ ತಿಳಿಯಲಿಲ್ಲ. ಮನೆಗೆ ಬಂದು ಹಳೆಯ ನೋಟ್‌ಬುಕ್ ತೆಗೆದೆ. ಅವರ ಹೆಸರಿತ್ತು. ಗರ್ಭಕೋಶ, ವಾರ್ಡ್ ನಂಬರು, ಹತ್ತು ನಿಮಿಷ, ಟಿಕ್. ಅದಾಗಿ ಮೂರು ತಿಂಗಳ ನಂತರದ ಪುಟದಲ್ಲಿ ಮತ್ತೆ ಅವರ ಹೆಸರು, ಎದುರಿಗೆ ನನ್ನದೇ ಗುಂಡು ಅಕ್ಷರ: "ಸಭೆಗೆ ಬರುತ್ತಿಲ್ಲ. ಎಚ್ಚರಿಸಬೇಕು." ಎಚ್ಚರಿಸಿಯೂ ಇದ್ದೆ, ಅಲ್ಲೊಂದು ಟಿಕ್ ಇತ್ತು.

ನನ್ನ ಕಾಯಿಲೆಯ ಅತಿ ಕೆಟ್ಟ ದಿನ ಯಾವುದು ಎಂದು ಕೇಳಿದರೆ ಅದೇ ದಿನ. ಡಾಕ್ಟರು ಹೇಳಿದ ದಿನವಲ್ಲ, ಬಸ್ಸಿನ ದಿನವೂ ಅಲ್ಲ. ಹದಿನೆಂಟು ವರ್ಷ ದೇವರಿಗೂ ಜನರಿಗೂ ಸಲ್ಲಿಸಿದ್ದೇನೆ ಅಂದುಕೊಂಡದ್ದರಲ್ಲಿ ಎಷ್ಟು ಜನ ಹೀಗೆ ಬಾಗಿಲು ಹಾಕಿಕೊಂಡಿದ್ದರೋ ಎಂದು ಆರೂ ನೋಟ್‌ಬುಕ್‌ಗಳನ್ನು ತಿರುವಿ ಹಾಕಿದೆ. ನೋಟ್‌ಬುಕ್‌ಗಳಲ್ಲಿ ಅದೊಂದು ಬರೆದಿರಲಿಲ್ಲ.

ಮುಂದಿನ ಶುಕ್ರವಾರ ಅವರ ಬಳಿ ಕ್ಷಮೆ ಕೇಳಿದೆ. ಬಹಳ ದೊಡ್ಡ ಮಾತುಗಳನ್ನು ಜೋಡಿಸಿಕೊಂಡು ಹೋಗಿದ್ದೆ, ಅರ್ಧವನ್ನೂ ಹೇಳಿರಲಿಲ್ಲ. "ಆಯ್ತು ಬಿಡಿ. ಡಬ್ಬ ತಂದ್ರಾ?" ಎಂದರು. ಕ್ಷಮಿಸಿದರೋ ಇಲ್ಲವೋ ಇಂದಿಗೂ ನನಗೆ ಗೊತ್ತಿಲ್ಲ, ಅವರು ಹೇಳಲಿಲ್ಲ. ಡಬ್ಬ ಮಾತ್ರ ಬರುತ್ತಲೇ ಇತ್ತು.

ಆವತ್ತು ಚೀಟಿಯ ಕೊನೆಯಲ್ಲಿ ನನ್ನ ಹೆಸರು ಓದಿದೆ. ಕಾಯಿಲೆಯನ್ನೂ ಹೇಳಿದೆ, ಹೊಟ್ಟೆಯ ಮೇಲೆ ಚೀಲವಿದೆ, ಮೌನ ಪ್ರಾರ್ಥನೆಯಲ್ಲಿ ಸದ್ದು ಬಂದರೆ ಅದು ನನ್ನದೇ ಎಂದೆ. ಯಾರೂ ನಗಲಿಲ್ಲ. ಪ್ರಭಾಕರ ತಲೆ ತಗ್ಗಿಸಿ ಕೂತಿದ್ದರು, ನಾನು ಕೊಟ್ಟ ವರದಿಗಳೆಲ್ಲ ನೆನಪಾದವೋ ಏನೋ. ಅದೇ ವಾರ ಎಂಟು ಜನ ಫರ್ವಾನಿಯಾದ ನನ್ನ ಕೋಣೆಗೆ ಬಂದರು, ಕೂರಲು ಜಾಗವಿಲ್ಲದೆ ನಿಂತರು, ಒಬ್ಬರು ತಮ್ಮ ಅತ್ತೆಗೂ ಇದೇ ಆಗಿತ್ತು ಎಂದರು. ನಾನು ಹೆದರಿದ್ದೆಲ್ಲ ಹಾಗೆಯೇ ನಡೆಯಿತು. ಆದರೂ ಅವರು ಹೋದ ಮೇಲೆ ಕೋಣೆ ಮೊದಲಿಗಿಂತ ಖಾಲಿ ಅನ್ನಿಸಿತು. ವಸಂತಿಗೆ ಫೋನ್ ಮಾಡಿ ಸರದಿಯ ಮೇಲೆ ಯಾರೂ ಬರುತ್ತಿರಲಿಲ್ಲ ಎಂದು ಒಪ್ಪಿಕೊಂಡೆ. ಅವಳಿಗೆ ಮೊದಲೇ ಅನುಮಾನವಿತ್ತಂತೆ, ಫೋನಿನಲ್ಲಿ ನಿಮ್ಮ ಹಿಂದೆ ಯಾರ ದನಿಯೂ ಕೇಳಿಸುತ್ತಿರಲಿಲ್ಲವಲ್ಲ ಎಂದಳು.

ಚಳಿ ಶುರುವಾಗುವ ಹೊತ್ತಿಗೆ ಆ ಮನೆಯ ಮುದುಕಿ ತೀರಿಕೊಂಡರು. ಸುಗುಣಕ್ಕನ ಕೆಲಸ ಮುಗಿಯಿತು, ಇಲ್ಲಿ ಇರಲು ಬೇಕಾದ ಇಕಾಮಾ ಪರವಾನಗಿಯೂ ಖಲಾಸ್. ಕೊನೆಯ ಶುಕ್ರವಾರ ಡಬ್ಬವನ್ನು ನನ್ನ ಬಳಿಯೇ ಬಿಟ್ಟರು, ವಿಮಾನದಲ್ಲಿ ಭಾರ ಜಾಸ್ತಿಯಾಗ್ತದೆ ಎಂದು. ಈಗ ನನ್ನ ಸ್ಕ್ಯಾನುಗಳು ಶುದ್ಧವಾಗಿ ಬರುತ್ತಿವೆ. ಗೇಟಿನ ಬಳಿ ನಿಂತು ಮಾತಾಡಲು ಯಾರೂ ಇಲ್ಲ. ಶುಕ್ರವಾರ ಹನ್ನೆರಡು ಗಂಟೆಗೆ ಅದು ಹೆಚ್ಚು ತಿಳಿಯುತ್ತದೆ.

ನೋಟ್‌ಬುಕ್ ಇಡುವುದನ್ನು ಬಿಟ್ಟಿದ್ದೇನೆ. ಆಸ್ಪತ್ರೆಗೆ ಹೋದರೆ ಮೊದಲು ಕುರ್ಚಿ ಎಳೆದುಕೊಳ್ಳುತ್ತೇನೆ, ಹೆಸರು ಓದಬಹುದೇ ಎಂದು ಕೇಳುತ್ತೇನೆ.

ಕಳೆದ ತಿಂಗಳು ಒಬ್ಬರು ಆರಾಧನೆ ಮುಗಿದ ಮೇಲೆ ಎಲ್ಲರೂ ಹೋಗುವವರೆಗೆ ಕಾದು ನನ್ನ ಹತ್ತಿರ ಬಂದರು. ದೂರದ ಸೌದಿ ಗಡಿಯ ಹತ್ತಿರ ವಫ್ರಾದ ತೋಟದಲ್ಲಿ ಕೆಲಸ, ಯಾರದಾದರೂ ಪಿಕಪ್ ಸಿಕ್ಕಿದ ವಾರ ಮಾತ್ರ ಬರುತ್ತಾರೆ. ನನ್ನ ವಯಸ್ಸಿನವರೇ. ಪರಿಚಯದ ಒಬ್ಬರಿಗೆ ಹುಷಾರಿಲ್ಲ, ಚೀಟಿಯಲ್ಲಿ ಒಬ್ಬ ಸಹೋದರ ಎಂದು ಸೇರಿಸಿ, ಹೆಸರು ಬೇಡ ಎಂದರು. ಹೇಳುವಾಗ ಅವರ ಕಣ್ಣು ನನ್ನ ಚಪ್ಪಲಿಯ ಮೇಲಿತ್ತು. ಏನು ಕಾಯಿಲೆ ಎಂದು ನಾನು ಕೇಳಲಿಲ್ಲ. ಊಟ ಸೇರುತ್ತದಂತಾ ಎಂದಷ್ಟೇ ಕೇಳಿದೆ. ಗಂಜಿಯಾದರೆ ಸೇರಬಹುದು ಎಂದರು.

ಮರುವಾರ ಬೆಳಿಗ್ಗೆ ಎದ್ದು ಕುಚ್ಚಲಕ್ಕಿ ಬೇಯಿಸಿ, ಮೂರು ಅಂತಸ್ತಿನ ಡಬ್ಬಕ್ಕೆ ತುಂಬಿ ಒಯ್ದೆ. ಇದು ಆ ಸಹೋದರನಿಗೆ, ಮುಟ್ಟಿಸ್ತೀರಲ್ಲ ಎಂದೆ. ಅವರು ತಲೆಯಾಡಿಸಿ ಎರಡೂ ಕೈಯಲ್ಲಿ ತೆಗೆದುಕೊಂಡರು.

ಕಳೆದ ಶುಕ್ರವಾರ ತೊಳೆದ ಡಬ್ಬ ಹಿಂದಕ್ಕೆ ಬಂತು. ಒಳಗೆ ವಫ್ರಾದ ಎರಡು ಸೌತೆಕಾಯಿ.

"ಉಪ್ಪು ಸರಿ ಇತ್ತಂತಾ?" ಎಂದು ಕೇಳಿದೆ.

"ಸ್ವಲ್ಪ ಜಾಸ್ತಿಯಾಯ್ತಂತೆ" ಎಂದರು.